ಮುಧೋಳ ಮರಿಗಳು: ಹುಟ್ಟಿದ ದಿನದಿಂದ ಹೊಸ ಮನೆ ಸೇರುವವರೆಗೆ

ಪ್ರಶ್ನೆ: ಜಮಖಂಡಿ ಹತ್ತಿರ ನಮ್ಮದು ತೋಟದ ಮನೆ. ಮೂರು ವರ್ಷದ ಮುಧೋಳ ಹೆಣ್ಣುನಾಯಿ ಮೊದಲ ಸಲ ಗಬ್ಬವಾಗಿದೆ. ಎಕ್ಸ್‌-ರೇಯಲ್ಲಿ 7 ಮರಿ ಕಾಣಿಸಿವೆ, ಇನ್ನು ಏಳೆಂಟು ದಿನ ಅಂದಿದ್ದಾರೆ ಡಾಕ್ಟರು. ಈಗ ಮಾರ್ಚ್ ಕೊನೆ, ಬಿಸಿಲು ಜೋರು, ನಾಯಿ ಇರುವುದು ತಗಡಿನ ಶೆಡ್ಡಿನಲ್ಲಿ. ಹಾಲು ಸಾಲದಿದ್ದರೆ ಎಮ್ಮೆ ಹಾಲು ಕುಡಿಸು, ತಿಂಗಳು ತುಂಬಿದ ಕೂಡಲೇ ಮರಿ ಕೊಟ್ಟುಬಿಡು ಅನ್ನುತ್ತಾರೆ ಮನೆಯ ಹಿರಿಯರು. ಬೆಳಗಾವಿ, ಬೆಂಗಳೂರಿನಿಂದ ಈಗಲೇ ಫೋನ್ ಬರುತ್ತಿವೆ. ಮರಿ ಹುಟ್ಟಿದ ದಿನದಿಂದ ಕೊಡುವ ದಿನದವರೆಗೆ ಏನೇನು ಮಾಡಬೇಕು?

ಉತ್ತರ: ಮೊದಲು ಫೋನ್ ಮಾಡುತ್ತಿರುವವರಿಗೆ ಏನು ಹೇಳಬೇಕು ಅನ್ನುವುದನ್ನು ತೀರ್ಮಾನಿಸಿಕೊಳ್ಳಿ: 8 ವಾರ ತುಂಬುವ ಮೊದಲು ಒಂದು ಮರಿಯೂ ಮನೆಯಿಂದ ಹೊರಗೆ ಹೋಗುವುದಿಲ್ಲ. ನಾಯಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮವೂ 8 ವಾರದೊಳಗಿನ ಮರಿಯ ಮಾರಾಟವನ್ನು ನಿಷೇಧಿಸುತ್ತದೆ. ಆದರೆ ಮುಧೋಳ ತಳಿಯ ವಿಷಯದಲ್ಲಿ ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಇದು ಸ್ವಭಾವತಃ ಅಪರಿಚಿತರಿಂದ ದೂರ ಸರಿಯುವ, ಗಕ್ಕನೆ ಮೈಮುಟ್ಟಿದರೆ ಬೆಚ್ಚುವ ನಾಯಿ. ನಾಲ್ಕನೇ ವಾರದಿಂದ ಎಂಟನೇ ವಾರದವರೆಗೆ ತಾಯಿ, ಒಡಹುಟ್ಟುಗಳು ಮತ್ತು ನಿಮ್ಮ ಮನೆಮಂದಿಯಿಂದ ಕಲಿಯುವುದನ್ನು ಅದು ಆಮೇಲೆ ಕಲಿಯುವುದು ಬಹಳ ಕಷ್ಟ. ಊಟ, ಔಷಧಿ, ಲಸಿಕೆಗಳನ್ನು ಡಾಕ್ಟರನ್ನು ಕೇಳಿ ಸರಿಮಾಡಿಕೊಳ್ಳಬಹುದು. ಈ ನಾಲ್ಕು ವಾರದ ಕೆಲಸವನ್ನು ಮಾತ್ರ ನೀವೇ ಮಾಡಬೇಕು.

ಈಗ ಜಾಗದ ವಿಷಯ. ತಗಡಿನ ಶೆಡ್ಡು ಬೇಡವೇ ಬೇಡ. ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಅಂದರೆ ತಗಡಿನಡಿ ಅದಕ್ಕಿಂತ ಹೆಚ್ಚು. ಹಸಿ ಮರಿಗೆ ಮೈಯ ಶಾಖವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಚಳಿಗೆ ನಡುಗಲೂ ಬರುವುದಿಲ್ಲ, ಸೆಕೆಯಾದರೆ ಎದ್ದುಹೋಗಲೂ ಬರುವುದಿಲ್ಲ. ಮಣ್ಣಿನ ಅಥವಾ ಕಲ್ಲಿನ ಗೋಡೆಯ, ಜನ ಹೆಚ್ಚು ಓಡಾಡದ ಒಳಕೋಣೆ ಕೊಡಿ. ಮರಿ ಮಲಗುವ ಜಾಗ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್, ಎರಡನೇ ವಾರ 27ರಿಂದ 29, ನಾಲ್ಕನೇ ವಾರದ ಹೊತ್ತಿಗೆ 24ರ ಆಸುಪಾಸು ಇದ್ದರೆ ಸಾಕು. ನಿಮಗೆ ಹಗಲು ತಂಪು ಮಾಡುವುದೇ ಕೆಲಸ: ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಫ್ಯಾನಿನ ಗಾಳಿ ನೇರವಾಗಿ ಮರಿಗಳ ಮೇಲೆ ಬೀಳದ ಹಾಗೆ ಗೋಡೆಯ ಕಡೆ ತಿರುಗಿಸಿ. ಬೆಳಗಿನ ಜಾವ ಮರಿ ಮಲಗುವ ಜಾಗ ಆ ವಾರಕ್ಕೆ ಹೇಳಿದ ಮಟ್ಟಕ್ಕಿಂತ ಕೆಳಗಿಳಿದರೆ ಪೆಟ್ಟಿಗೆಯ ಒಂದೇ ಮೂಲೆಗೆ, ಎರಡೂವರೆ ಮೂರು ಅಡಿ ಎತ್ತರದಲ್ಲಿ 60 ವ್ಯಾಟಿನ ಹಳೆಯ ಕಾಲದ ಬಲ್ಬು ಉರಿಸಿ. ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಶಾಖ ಬರುವುದಿಲ್ಲ. ಥರ್ಮಾಮೀಟರ್ ಇರಲಿ, ಆದರೆ ಮರಿಗಳನ್ನೂ ನೋಡುತ್ತಿರಿ. ಒಂದರ ಮೇಲೊಂದು ಬಿದ್ದು ಕೀರುತ್ತಿದ್ದರೆ ಚಳಿ. ದೂರದೂರ ಚೆಲ್ಲಾಪಿಲ್ಲಿಯಾಗಿ ಬಾಯಿ ತೆರೆದು ಮಲಗಿದ್ದರೆ ಸೆಕೆ. ಪಕ್ಕಪಕ್ಕ ಮಲಗಿ ನಿದ್ದೆಯಲ್ಲಿ ಆಗಾಗ ಕೈಕಾಲು ಅದುರಿಸುತ್ತಿದ್ದರೆ ಎಲ್ಲ ಸರಿಯಿದೆ.

ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ 4 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಿಸಿ. ಒಂದು ಬದಿಯಲ್ಲಿ ತಾಯಿ ದಾಟುವಷ್ಟು ತಗ್ಗು ಬಾಗಿಲು ಇರಲಿ. ಒಳಗೆ ಸುತ್ತಲೂ ನೆಲದಿಂದ 4 ಇಂಚು ಮೇಲೆ, ಗೋಡೆಯಿಂದ 4 ಇಂಚು ಈಚೆಗೆ ಒಂದು ಮರದ ಪಟ್ಟಿ ಅಥವಾ ಪಿವಿಸಿ ಪೈಪು ಹೊಡೆಸಿ. ಬಡಗಿ ಇದೇಕೆ ಎಂದು ಕೇಳುತ್ತಾನೆ. ಮೊದಲ ಬಾಣಂತಿ ದಣಿದು ಗೋಡೆಗೆ ಬೆನ್ನು ಕೊಟ್ಟು ದೊಪ್ಪನೆ ಮಲಗಿದಾಗ ಹಿಂದೆ ಸಿಕ್ಕ ಮರಿ ಉಸಿರುಗಟ್ಟಿ ಸಾಯದೆ ಆ ಸಂದಿಯಲ್ಲಿ ಉಳಿಯುತ್ತದೆ, ಅದಕ್ಕೆ. ಹಾಸಲು ದಿನಪತ್ರಿಕೆ, ಅದರ ಮೇಲೆ ಒಗೆದ ದಪ್ಪ ಬಟ್ಟೆ. ನಮ್ಮ ಕಡೆ ಕೌದಿ ಹಾಸುವುದು ರೂಢಿ. ಹಾಸಿ, ಆದರೆ ನಾಲ್ಕೂ ಅಂಚನ್ನು ಪೆಟ್ಟಿಗೆಯ ತಳಕ್ಕೆ ಬಿಗಿಯಾಗಿ ಸಿಕ್ಕಿಸಿ. ಸಡಿಲ ಮಡಿಕೆಯೊಳಗೆ ನುಸುಳಿ ಸತ್ತ ಮರಿಗಳಿಗೆ ಲೆಕ್ಕವಿಲ್ಲ. ನಾಯಿಯನ್ನು ಇವತ್ತಿನಿಂದಲೇ ಅಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿ. ಹೊರಗಿನ ನಾಯಿಗಳನ್ನು ಈಗಿನಿಂದ ಮರಿ ಹುಟ್ಟಿ ಮೂರು ವಾರ ಆಗುವವರೆಗೆ ಹತ್ತಿರ ಬಿಡಬೇಡಿ. ದೊಡ್ಡ ನಾಯಿಗೆ ಬರೀ ನೆಗಡಿಯಂತೆ ಬಂದುಹೋಗುವ ಹರ್ಪಿಸ್ ವೈರಸ್ ಈ ವಯಸ್ಸಿನ ಮರಿಗಳನ್ನು ಒಂದೆರಡು ದಿನದಲ್ಲಿ ಕೊಲ್ಲುತ್ತದೆ.

ಇನ್ನು ಹೆರಿಗೆ. ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ತಾಪ ನೋಡಿ ಬರೆದಿಡಿ. ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುವುದು 99ಕ್ಕಿಂತ ಕೆಳಗಿಳಿದರೆ ಬಹುಮಟ್ಟಿಗೆ 24 ಗಂಟೆಯೊಳಗೆ ಹೆರಿಗೆ. ಊಟ ಬಿಡುವುದು, ಏದುಸಿರು, ಹಾಸನ್ನು ಕೆರೆಯುವುದು 6ರಿಂದ 12 ಗಂಟೆ ನಡೆಯಬಹುದು, ಗಾಬರಿ ಬೇಡ. ಡಾಕ್ಟರಿಗೆ ಫೋನ್ ಮಾಡಬೇಕಾದದ್ದು ಯಾವಾಗ ಅಂದರೆ: ಜೋರಾಗಿ ಮುಕ್ಕಲು ಶುರುಮಾಡಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಏನೂ ನಡೆಯದಿದ್ದರೆ, ಮೊದಲ ಮರಿ ಬರುವ ಮೊದಲೇ ಕಡು ಹಸಿರು ಸ್ರಾವ ಕಂಡರೆ. ಆ ಹಸಿರು ಬಣ್ಣ ಮಾಸು ಗರ್ಭಕೋಶದಿಂದ ಬೇರ್ಪಟ್ಟಿದೆ ಅನ್ನುವುದರ ಗುರುತು. ಮೊದಲ ಮರಿ ಬಂದ ಮೇಲೆ ಕಂಡರೆ ಸಹಜ, ಮೊದಲೇ ಕಂಡರೆ ಒಳಗಿನ ಮರಿಗೆ ಉಸಿರು ಸಿಗುತ್ತಿಲ್ಲ ಎಂದರ್ಥ. ಹೆರಿಗೆ ರಾತ್ರಿಯೇ ಆಗುವುದು ಹೆಚ್ಚು, ಆದ್ದರಿಂದ ಆ ಹೊತ್ತಿಗೆ ಸಿಸೇರಿಯನ್ ಮಾಡಬಲ್ಲ ಡಾಕ್ಟರು ಎಲ್ಲಿದ್ದಾರೆ, ಗಾಡಿ ಯಾವುದು ಅನ್ನುವುದನ್ನು ಈ ವಾರವೇ ಗೊತ್ತುಮಾಡಿಕೊಳ್ಳಿ. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಔಷಧಿಯನ್ನು ಕೈಗೆ ಸಿಕ್ಕಂತೆ ಚುಚ್ಚಲು ಯಾರಿಗೂ ಬಿಡಬೇಡಿ. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶವೇ ಹರಿಯಬಹುದು.

ತಾಯಿ ತಾನೇ ಚೀಲ ಹರಿದು ನೆಕ್ಕದಿದ್ದರೆ ನೀವು ಹರಿಯಿರಿ, ಮೂಗು ಬಾಯಿ ಒರೆಸಿ, ಒರಟು ಟವೆಲಿನಿಂದ ಮರಿ ಕೀರುವವರೆಗೆ ಉಜ್ಜಿ. ತಲೆಕೆಳಗೆ ಹಿಡಿದು ಬೀಸುವ ಹಳೆಯ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದಿಂಚು ಬಿಟ್ಟು ದಾರದಿಂದ ಕಟ್ಟಿ, ಆಚೆಗೆ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಿ. ಎಷ್ಟು ಮರಿಯೋ ಅಷ್ಟು ಮಾಸು ಹೊರಬಂದಿವೆಯೇ ಎಂದು ಎಣಿಸಿ. ಮೊದಲ 12 ಗಂಟೆಯೊಳಗೆ ಏಳೂ ಮರಿಗಳು ಗಿಣ್ಣುಹಾಲು ಕುಡಿಯಲೇಬೇಕು. ಒಂದು ದಿನ ಕಳೆದರೆ ಅದರ ರೋಗನಿರೋಧಕ ಅಂಶ ಕರುಳಿನಿಂದ ರಕ್ತಕ್ಕೆ ಸೇರುವುದು ನಿಂತುಹೋಗುತ್ತದೆ.

ಅಲ್ಲಿಂದ ಮುಂದೆ ನಿಮ್ಮ ಕೈಯಲ್ಲಿರಬೇಕಾದ ಮುಖ್ಯ ಸಾಧನ ತೂಕದ ಯಂತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೊಂದು ಮರಿಯ ಕುತ್ತಿಗೆಗೆ ಒಂದೊಂದು ಬಣ್ಣದ ಉಣ್ಣೆದಾರ ಕಟ್ಟಿ, ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ, ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತ. ದಿನಾ ಒಂದೇ ಹೊತ್ತಿಗೆ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ದಿನ ಸ್ವಲ್ಪ ಇಳಿದರೂ ಆಮೇಲೆ ದಿನಕ್ಕೆ ಶೇ 5ರಿಂದ 10ರಷ್ಟು ಏರಬೇಕು, ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. 350 ಗ್ರಾಂ ಹುಟ್ಟಿದ ಹಸಿರು ದಾರದ ಮರಿ ಎರಡನೇ ದಿನ 345, ಮೂರನೇ ದಿನ 340 ಅಂತ ತೋರಿಸಿದರೆ ಅದು ನೋಡಲು ಎಷ್ಟೇ ಚೆನ್ನಾಗಿ ಕಂಡರೂ ಸಾಯುವ ದಾರಿಯಲ್ಲಿದೆ. ಬರಿಗಣ್ಣಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಅಂಥ ಮರಿ ಕೈಗೆ ತಣ್ಣಗೆ ಹತ್ತಿದರೆ ಎಲ್ಲರೂ ಮೊದಲು ಮಾಡುವುದು ಹಾಲು ಕುಡಿಸುವ ಕೆಲಸ. ಅದೇ ತಪ್ಪು. ಮೈತಾಪ 94 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ಮೊದಲು ನಿಮ್ಮ ಎದೆಗೆ ಅವುಚಿಕೊಂಡೋ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಇಟ್ಟೋ ಒಂದೆರಡು ಗಂಟೆಯಲ್ಲಿ ನಿಧಾನ ಬೆಚ್ಚಗೆ ಮಾಡಿ, ಒಸಡಿಗೆ ಎರಡು ಹನಿ ಗ್ಲೂಕೋಸ್ ನೀರು ಸವರಿ, ಆಮೇಲೆ ತಾಯಿಯ ಹಿಂಬದಿಯ ತುಂಬಿದ ಮೊಲೆಗೆ ಹಿಡಿಯಿರಿ. ದೊಡ್ಡ ಮರಿಗಳನ್ನು ಹದಿನೈದು ನಿಮಿಷ ಬುಟ್ಟಿಗೆ ಹಾಕಿಟ್ಟು ಚಿಕ್ಕದಕ್ಕೆ ಸರದಿ ಕೊಟ್ಟರೆ ಎಷ್ಟೋ ಸಲ ಬೇರೆ ಹಾಲೇ ಬೇಕಾಗುವುದಿಲ್ಲ.

ಬೇಕಾಯಿತು ಅಂದರೆ ಎಮ್ಮೆ ಹಾಲು ಯಾಕೆ ಬೇಡ? ನಾಯಿಹಾಲಿನಲ್ಲಿ ಪ್ರೋಟೀನು ಶೇ 7-8ರಷ್ಟು, ಕೊಬ್ಬು 9ರ ಸುತ್ತಮುತ್ತ, ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ ಶೇ 3-4. ಹಸುವಿನ ಹಾಲಿನಲ್ಲಿ ಪ್ರೋಟೀನು ಅದರ ಅರ್ಧಕ್ಕಿಂತ ಕಡಿಮೆ, ಲ್ಯಾಕ್ಟೋಸ್ ಜಾಸ್ತಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಪರವಾಗಿಲ್ಲ, ಪ್ರೋಟೀನು ಸಾಲದು, ಲ್ಯಾಕ್ಟೋಸ್ ಹೆಚ್ಚು, ಅದಕ್ಕೇ ಭೇದಿ. ನೀರು ಬೆರೆಸಿದರೆ ಇನ್ನೂ ಕೆಟ್ಟದ್ದು: ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯ ಒಂದು ಡಬ್ಬಿ ಮೊದಲೇ ತಂದಿಟ್ಟುಕೊಳ್ಳಿ. 350 ಗ್ರಾಂ ಮರಿಗೆ ಮೂರು ಗಂಟೆಗೊಮ್ಮೆ 10 ಮಿ.ಲೀ.ನಂತೆ ದಿನಕ್ಕೆ 8 ಸಲ; ಮೊದಲ ದಿನ ಅದರ ಅರ್ಧ. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ, ತಾನಾಗಿ ಚೀಪಲು ಬಿಡಿ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಸವರಿ ಉಚ್ಚೆ, ಕಕ್ಕ ಮಾಡಿಸಬೇಕು. ಮೂರು ವಾರದವರೆಗೆ ಅದಕ್ಕೆ ತಾನೇ ಮಾಡಲು ಬರುವುದಿಲ್ಲ, ತಾಯಿ ನೆಕ್ಕುವುದು ಅದಕ್ಕಾಗಿಯೇ.

ತಾಯಿಯ ಊಟದಲ್ಲಿ ನಮ್ಮವರು ಕೈಬಿಗಿ ಮಾಡುತ್ತಾರೆ. ಜೋಳದ ರೊಟ್ಟಿ ಹಾಲು ಮುಧೋಳ ನಾಯಿಗೆ ತಲೆಮಾರುಗಳಿಂದ ಬಂದ ಊಟ ನಿಜ, ಆದರೆ ಏಳು ಮರಿಗೆ ಹಾಲುಣಿಸುವ ತಾಯಿಗೆ ಅದು ಸಾಲದು. ಮೂರು, ನಾಲ್ಕನೇ ವಾರ ಅದಕ್ಕೆ ಮಾಮೂಲಿನ ಮೂರರಷ್ಟು ಬೇಕು. 22 ಕೆಜಿ ತೂಕದ ತಾಯಿಗೆ ಪಪ್ಪಿ ಫುಡ್ ಆದರೆ ದಿನಕ್ಕೆ 850 ಗ್ರಾಂನಿಂದ ಒಂದು ಕೆಜಿ, ನಾಲ್ಕು ಹೊತ್ತಿಗೆ ಹಂಚಿ. ಮನೆಯೂಟವೇ ಅಂದರೆ ರೊಟ್ಟಿ, ಅನ್ನದ ಜೊತೆ ಅರ್ಧ ಕೆಜಿಗೆ ಕಡಿಮೆಯಿಲ್ಲದಂತೆ ಬೇಯಿಸಿದ ಕೋಳಿ, ಮೂರು ನಾಲ್ಕು ಮೊಟ್ಟೆ, ಸ್ವಲ್ಪ ಲಿವರ್, ಯಾವಾಗಲೂ ತುಂಬಿದ ನೀರಿನ ಪಾತ್ರೆ. ಹೆರಿಗೆಗೆ ಮೊದಲು ಕ್ಯಾಲ್ಸಿಯಂ ಟಾನಿಕ್ ಬೇಡ. ಹೊರಗಿನಿಂದ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಗ್ರಂಥಿ ಮಂಕಾಗುತ್ತದೆ, ಹಾಲು ಏರಿದಾಗ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿಯುತ್ತದೆ. ಎರಡರಿಂದ ನಾಲ್ಕನೇ ವಾರದಲ್ಲಿ ತಾಯಿ ಚಡಪಡಿಸಿ, ನಡುಗಿ, ಕಾಲು ಸೆಟೆದು ನಡೆದರೆ ಅದೇ ಕಾಯಿಲೆ. ಮರಿಗಳನ್ನು ಬೇರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಕಣ್ಣೆದುರೇ ಸುಧಾರಿಸುತ್ತದೆ, ತಡಮಾಡಿದರೆ ಉಳಿಯುವುದಿಲ್ಲ. ಮೊಲೆಗಳನ್ನು ದಿನಾ ಮುಟ್ಟಿ ನೋಡಿ, ಒಂದೇ ಮೊಲೆ ಗಟ್ಟಿಯಾಗಿ ಬಿಸಿಯಾಗಿ ನೋಯುತ್ತಿದ್ದರೆ ಬಾವು. ಮರಿಗಳ ಉಗುರಿನ ತುದಿಯನ್ನು ವಾರಕ್ಕೊಮ್ಮೆ ಕತ್ತರಿಸಿದರೆ ಪರಚುಗಾಯದಿಂದ ಆಗುವ ಬಾವು ಅರ್ಧ ತಪ್ಪುತ್ತದೆ.

ಜಂತುಹುಳದ ಔಷಧಿ 2, 4, 6, 8ನೇ ವಾರ, ತಾಯಿಗೂ ಜೊತೆಯಲ್ಲೇ. ಎರಡೇ ವಾರಕ್ಕೆ ಯಾಕೆ ಅಂದರೆ ದುಂಡುಹುಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟಿರುತ್ತದೆ, ಕೊಕ್ಕೆಹುಳ ಹಾಲಿನಲ್ಲಿ ಬರುತ್ತದೆ. ಕೊಕ್ಕೆಹುಳ ರಕ್ತ ಹೀರಿ ಮೂರು ವಾರದ ಮರಿಯನ್ನೂ ಕೊಲ್ಲಬಲ್ಲದು. ಒಸಡು ಬಿಳಚಿ, ಕಕ್ಕ ಕಪ್ಪಗೆ ಡಾಂಬರಿನಂತೆ ಇದ್ದರೆ ಅದೇ. ಫೆನ್‌ಬೆಂಡಜೋಲ್ ಆದರೆ ಕೆಜಿಗೆ 50 ಮಿ.ಗ್ರಾಂ, ಸತತ ಮೂರು ದಿನ. 900 ಗ್ರಾಂ ಮರಿಗೆ ದಿನಕ್ಕೆ 45 ಮಿ.ಗ್ರಾಂ. ಬಾಟಲಿಯಿಂದ ಬಾಟಲಿಗೆ ಗಾಢತೆ ಬೇರೆಯಿರುತ್ತದೆ, ‘ಅರ್ಧ ಚಮಚ’ ಲೆಕ್ಕ ಬೇಡ, ಸಿರಿಂಜಿನಲ್ಲಿ ಅಳೆಯಿರಿ. ಉಣ್ಣಿ, ಚಿಗಟಕ್ಕೆ ಕುರಿಗಳಿಗೆ ಬಳಸುವ ಔಷಧಿಯನ್ನೇ ನೀರಿಗೆ ಬೆರೆಸಿ ಮರಿಗೆ ಮೈತೊಳೆಯುವವರಿದ್ದಾರೆ. ಮರಿಯ ಮೈಯಲ್ಲಿ ಅದು ವಿಷವೇ. ಬಾಚಣಿಗೆ, ಚಿಮುಟ ಹಿಡಿದು ಕೈಯಿಂದ ತೆಗೆಯಿರಿ, ಹಾಸು ಬಿಸಿನೀರಿನಲ್ಲಿ ಒಗೆಯಿರಿ, ಗೋಡೆಯ ಬಿರುಕು ಮುಚ್ಚಿಸಿ. ಮಿಕ್ಕಿದ್ದು ಡಾಕ್ಟರನ್ನು ಕೇಳಿಯೇ.

ಹತ್ತರಿಂದ ಹದಿನಾಲ್ಕನೇ ದಿನಕ್ಕೆ ಕಣ್ಣು ಬಿಡುತ್ತವೆ, ಹದಿನೆಂಟರ ಹೊತ್ತಿಗೆ ಕಿವಿ ಕೇಳುತ್ತದೆ, ಮೂರು ವಾರಕ್ಕೆ ಹಲ್ಲು ಮೂಡುತ್ತವೆ. ಮೂರೂವರೆ ವಾರದಿಂದ ಪಪ್ಪಿ ಸ್ಟಾರ್ಟರ್ ಎಂಬ ಮರಿಗಳ ಮೊದಲ ಸಿದ್ಧ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಕಿವುಚಿ ತಗ್ಗು ತಟ್ಟೆಯಲ್ಲಿ ಇಡಿ. ಮೊದಲೆರಡು ದಿನ ಅದರಲ್ಲೇ ನಡೆದಾಡುತ್ತವೆ, ತಿನ್ನುವುದು ಕಡಿಮೆ. ದಿನ ಕಳೆದಂತೆ ನೀರು ಕಡಿಮೆ ಮಾಡುತ್ತ, ಬೇಯಿಸಿ ಅರೆದ ಕೋಳಿ, ಮೊಟ್ಟೆ ಸೇರಿಸುತ್ತ ದಿನಕ್ಕೆ ನಾಲ್ಕು ಸಲ ಕೊಡಿ. ಏಳನೇ ವಾರಕ್ಕೆ ಹಾಲು ತಾನಾಗಿ ನಿಲ್ಲುತ್ತದೆ. ರಾಗಿಗಂಜಿ ಜೊತೆಗಿರಲಿ, ಅದೇ ಊಟವಾಗಬಾರದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಮೂಳೆ ಗಟ್ಟಿಯಾಗಲೆಂದು ಪಪ್ಪಿ ಫುಡ್ಡಿನ ಮೇಲೆ ಕ್ಯಾಲ್ಸಿಯಂ ಸಿರಪ್ ಸುರಿದರೆ ಕಾಲು ಸೊಟ್ಟಗಾಗುವುದೇ ಹೆಚ್ಚು.

ಇನ್ನು ಮೊದಲೇ ಹೇಳಿದ ನಾಲ್ಕು ವಾರ. 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ದೊಡ್ಡ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಜೊತೆ ಇಟ್ಟರು. ಹದಿನಾಲ್ಕು ವಾರದವರೆಗೆ ಮನುಷ್ಯರನ್ನು ಕಾಣದವು ಕಾಡುಪ್ರಾಣಿಗಳಂತೆಯೇ ಉಳಿದವು. ತೋಟದ ಮನೆಯಲ್ಲಿ ಇಬ್ಬರನ್ನೇ ನೋಡಿ ಬೆಳೆದ ಮುಧೋಳ ಮರಿ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಹೋಗಿ ಸೋಫಾದಡಿ ಸೇರಿಕೊಳ್ಳುವುದು ಇದೇ ಕಾರಣಕ್ಕೆ.

ನಾಲ್ಕನೇ ವಾರದಿಂದ ಮನೆಗೆ ಬಂದವರ ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ, ನೆಲದ ಮೇಲೆ ಕೂರಿಸಿ. ಅವರು ಮರಿಯನ್ನು ಎತ್ತಿಕೊಳ್ಳುವುದಲ್ಲ, ಮರಿ ತಾನಾಗಿ ಬರಬೇಕು. ಮೀಸೆಯವರು, ಪಟಗ ಸುತ್ತಿದವರು, ಹೆಲ್ಮೆಟ್ ಹಾಕಿದವರು, ಮಕ್ಕಳು, ಕೋಲೂರಿ ನಡೆಯುವ ಅಜ್ಜ, ಎಲ್ಲರೂ ಬರಲಿ. ಹೊರಗಿನ ನೆಲಕ್ಕೆ ಮಾತ್ರ ಇಳಿಸಬೇಡಿ, ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬುಟ್ಟಿಯಲ್ಲಿ ಹೊತ್ತು ಟ್ರ್ಯಾಕ್ಟರ್, ಬೈಕು, ಮಿಕ್ಸಿಯ ಸದ್ದು ಕೇಳಿಸಿ. ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ ನೋಡಿ. ಬೆಚ್ಚುವುದು ಸಹಜ, ಬೆಚ್ಚಿದ ಮರಿ ಕೆಲವು ಸೆಕೆಂಡಿನಲ್ಲಿ ತಿರುಗಿ ಬಂದು ತಟ್ಟೆಯನ್ನು ಮೂಸಿದರೆ ಗಟ್ಟಿ. ಮೂಲೆ ಬಿಟ್ಟು ಬಾರದಿದ್ದರೆ ಮುಂದಿನ ಸಲ ಇನ್ನೂ ದೂರ, ಇನ್ನೂ ಮೆಲ್ಲಗೆ. ಯಾವ ಮರಿ ಹೇಗೆ ಅನ್ನುವುದನ್ನು ತೂಕದ ಪುಸ್ತಕದಲ್ಲೇ ಬರೆದಿಡಿ, ಯಾವ ಮನೆಗೆ ಯಾವುದು ಅನ್ನುವುದನ್ನು ಆಗ ಅದೇ ಹೇಳುತ್ತದೆ. ದಿನಕ್ಕೊಮ್ಮೆ ಪ್ರತಿ ಮರಿಯನ್ನು ಐದು ನಿಮಿಷ ಒಂಟಿಯಾಗಿ ಬೇರೆ ಕೋಣೆಗೆ ಒಯ್ದು ಆಡಿಸಿ. ಕಿವಿ, ಬಾಯಿ, ಪಾದ ಮುಟ್ಟಿಸಿಕೊಳ್ಳುವ ಅಭ್ಯಾಸವಾಗಲಿ. ತಿನ್ನುತ್ತಿರುವ ತಟ್ಟೆಯನ್ನು ಕಸಿದು ‘ಸಿಟ್ಟು ಬರುತ್ತಾ’ ಎಂದು ಪರೀಕ್ಷಿಸುವವರು ಕಚ್ಚುವ ನಾಯಿಯನ್ನು ತಯಾರಿಸುತ್ತಾರೆ. ಅದರ ಬದಲು ಹತ್ತಿರ ಹೋಗಿ ಒಂದು ಕೋಳಿ ಚೂರು ತಟ್ಟೆಗೆ ಹಾಕಿ ಬನ್ನಿ. ಮಲಗುವ ಜಾಗದಿಂದ ದೂರದಲ್ಲಿ ಮರಳಿನ ಟ್ರೇ ಇಟ್ಟರೆ ನಾಲ್ಕು ವಾರದ ಮರಿಗಳೂ ಹಾಸು ಬಿಟ್ಟು ಅಲ್ಲಿಗೇ ಹೋಗುತ್ತವೆ.

ಒಡಹುಟ್ಟುಗಳ ಜೊತೆ ಕಚ್ಚಾಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಹಲ್ಲಿನ ಬಲ ಎಷ್ಟು ಅನ್ನುವುದನ್ನು ಮರಿ ಕಲಿಯುವುದು ಹೀಗೆಯೇ. ತಿಂಗಳಿಗೇ ಬೇರಾದ ಮರಿ ಇದನ್ನು ಹೊಸ ಮನೆಯ ಮಕ್ಕಳ ಕೈಮೇಲೆ ಕಲಿಯುತ್ತದೆ.

ಆರರಿಂದ ಏಳನೇ ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಒಂದೇ ಚುಚ್ಚುಮದ್ದು ಸಾಲದು, ಯಾಕೆಂದರೆ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ, ಅವು ಯಾವ ವಾರ ಇಳಿಯುತ್ತವೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಿ. ‘ಲಸಿಕೆ ಆಗಿದೆ’ ಅಂದರೆ ಮುಗಿಯಿತು ಅಂದುಕೊಂಡು ಮರುದಿನವೇ ಬೀದಿಯಲ್ಲಿ ಓಡಾಡಿಸುತ್ತಾರೆ.

ಯಾರಿಗೆ ಕೊಡಬೇಕು? ಕೇಳುವವರ ಮನೆಯ ಕಾಂಪೌಂಡು ಎಷ್ಟೆತ್ತರ, ಹಗಲು ಯಾರಿರುತ್ತಾರೆ, ಕೋಳಿ, ಆಡು, ಬೆಕ್ಕು ಇವೆಯಾ ಕೇಳಿ. ಓಡುವುದನ್ನು ಕಂಡರೆ ಬೆನ್ನಟ್ಟುವ ತಳಿ ಇದು. ದಿನಾ ಬೇಲಿಯೊಳಗೆ ಬಿಚ್ಚಿ ಓಡಿಸಲು ಜಾಗವಿಲ್ಲದವರಿಗೆ ಬೇಡ. ಸರಪಳಿ ಹಾಕಿ ಕಟ್ಟುವ ಕಾವಲು ನಾಯಿ ಬೇಕು ಅನ್ನುವವರಿಗಂತೂ ಖಂಡಿತ ಬೇಡ. ಗಂಡು ಮರಿಗೆ ಸಾಲು ನಿಲ್ಲುವವರು ಹೆಣ್ಣು ಮರಿ ಅಂದರೆ ಹಿಂದೆ ಸರಿಯುತ್ತಾರೆ, ಉಳಿದ ಹೆಣ್ಣು ಮರಿಗಳು ಸಂತೆಯ ಬಯಲಿನಲ್ಲಿ ಕೊನೆಗಾಣುತ್ತವೆ. ಆದ್ದರಿಂದ ಮೊದಲು ಹೆಣ್ಣು ಮರಿಗಳಿಗೆ ಮನೆ ಗೊತ್ತುಮಾಡಿ, ಗಂಡು ಮರಿಗಳ ಮುಂಗಡ ಆಮೇಲೆ. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಿಮಗೇ ಹಿಂತಿರುಗಿಸಬೇಕು ಎಂದು ಬರೆಸಿಕೊಳ್ಳಿ. ಹಣಕ್ಕೆ ಮಾರುವುದಾದರೆ 2017ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿ ಕ್ಯಾರವಾನ್ ಹೌಂಡ್ ಎಂದಿರುತ್ತದೆ, ಅಪ್ಪ ಅಮ್ಮ ನೋಂದಣಿಯಾಗಿದ್ದರೆ ಮರಿಗೂ ನೋಂದಣಿ ಪತ್ರ ಮಾಡಿಸಬಹುದು. ತಳಿಯ ಬಗ್ಗೆ ಸಂದೇಹವಿದ್ದರೆ ನಿಮಗೆ ಹತ್ತಿರದಲ್ಲೇ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಮರಿಯ ಜೊತೆ ಕೊಡಬೇಕಾದದ್ದು: ಲಸಿಕೆಯ ಪುಸ್ತಕ, ಜಂತುಹುಳ ಔಷಧಿಯ ದಿನಾಂಕಗಳು, ಈಗ ತಿನ್ನುತ್ತಿರುವ ಊಟ ಒಂದು ವಾರಕ್ಕಾಗುವಷ್ಟು, ತಾಯಿಯ ವಾಸನೆಯಿರುವ ಒಂದು ಬಟ್ಟೆ. ನೀವು ಕೊಡುವ ಹೊತ್ತಿಗೆ ಮೇ ಕೊನೆ ಅಥವಾ ಜೂನ್ ಮೊದಲ ವಾರ, ಆದ್ದರಿಂದ ಪ್ರಯಾಣ ರಾತ್ರಿ ಅಥವಾ ಬೆಳಗಿನ ಜಾವ. ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ದಾರಿಯ ಢಾಬಾಗಳಲ್ಲಿ ನೆಲಕ್ಕಿಳಿಸಬೇಡಿ ಎಂದು ಹೇಳಿ. ಇನ್ನೊಂದು ಮಾತು ಕಾಗದದಲ್ಲೇ ಬರೆದುಕೊಡಿ: ಈ ಜಾತಿಯ ಬೇಟೆನಾಯಿಗಳಲ್ಲಿ ಮೈಕೊಬ್ಬು ಕಡಿಮೆ, ಥಯೋಪೆಂಟಾಲ್‌ನಂಥ ಅರಿವಳಿಕೆ ಔಷಧಿ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ, ಸಂತಾನಹರಣ ಮಾಡಿಸುವಾಗ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಮುಧೋಳ ತಳಿಯನ್ನು ಅಪರೂಪಕ್ಕೆ ನೋಡುವ ದೂರದ ಊರಿನ ಆಸ್ಪತ್ರೆಯಲ್ಲಿ ಈ ಒಂದು ಸಾಲು ಜೀವ ಉಳಿಸಬಹುದು.

ಎರಡು ತಿಂಗಳಾದ ಮೇಲೆ ತಾಯಿ ಬಡಕಲಾಗಿ, ಕೂದಲು ಉದುರಿ ಕಾಣುತ್ತಾಳೆ. ಅದು ಸಹಜ, ಮೂರ್ನಾಲ್ಕು ತಿಂಗಳಲ್ಲಿ ತುಂಬಿಕೊಳ್ಳುತ್ತಾಳೆ. ಮುಂದಿನ ಬೆದೆಗೆ ಗಂಡು ಬಿಡಬೇಡಿ, ನಿಯಮದ ಪ್ರಕಾರವೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಮತ್ತೆ ಮರಿ ಬೇಡ ಅನ್ನಿಸಿದರೆ ಹಾಲು ಪೂರ್ತಿ ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.